ಆರು ವರ್ಷ ಬೀಗ ಹಾಕಿದ್ದ ಭಾನುವಾರದ ಕೋಡಿಂಗ್ ಕ್ಲಾಸು: ಒಂದು ರಿಪೇರಿ ಲಾಗ್

ಮೊದಲನೇ ದಿನ ಪೂರ್ತಿ ಹೋಗಿದ್ದು ಒಂದು ಬೀಗದ ಕೀ ಹುಡುಕೋದ್ರಲ್ಲಿ. ಕಂಪ್ಯೂಟರು, ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ, ಪಾಠ ಎಲ್ಲ ಆಮೇಲಿನ ಮಾತು, ರೂಮಿನ ಬಾಗ್ಲೇ ತೆಗೀಲಿಲ್ಲ ಅಂದ್ರೆ ಏನ್ ರಿಪೇರಿ ಮಾಡೋದು.

ಹಿಂದಿನ ಕತೆ ಚೂರು ಹೇಳ್ಬಿಡ್ತೀನಿ. 2016ರಿಂದ 2020ರ ತನಕ ಹಳೇ ದಾವಣಗೆರೆ ಕಡೆ ಒಂದು ಸಂಘದ ಕಟ್ಟಡದ ಮಹಡಿ ಮೇಲೆ ನಾವು ನಾಲ್ಕು ಜನ ಸೇರ್ಕೊಂಡು ಪ್ರತಿ ಭಾನುವಾರ ಬೆಳಿಗ್ಗೆ 10ರಿಂದ 1 ಗಂಟೆವರೆಗೆ ಏನೇನೂ ಗೊತ್ತಿಲ್ಲದೋರಿಗೆ ಪ್ರೋಗ್ರಾಮಿಂಗ್ ಹೇಳ್ಕೊಡ್ತಿದ್ವಿ. ಫೀಸ್ ಇಲ್ಲ, ಸರ್ಟಿಫಿಕೇಟೂ ಇಲ್ಲ. ಗೌರ್ಮೆಂಟ್ ಸ್ಕೂಲ್ ಮಕ್ಕಳು, ಐಟಿಐ ಹುಡುಗ್ರು, ಮಂಡಕ್ಕಿ ಭಟ್ಟಿ ಕಡೆಯಿಂದ ಸೈಕಲ್ ತುಳ್ಕೊಂಡು ಬರೋ ಇಬ್ರು ಅಣ್ಣ ತಮ್ಮಂದಿರು, ಒಬ್ರು ರಿಟೈರ್ಡ್ ಮೇಷ್ಟ್ರು ಕೂಡ ಬರ್ತಿದ್ರು. ಒಂದು ಕಾಲೇಜು ತೆಗೆದು ಹಾಕಿದ್ದ 10 ಹಳೇ ಕಂಪ್ಯೂಟರ್ ನಮ್ಗೆ ಬಂದಿದ್ವು. 2020ರ ಮಾರ್ಚಲ್ಲಿ ಲಾಕ್‌ಡೌನ್ ಆಯ್ತು, ವಾಟ್ಸಾಪ್ ಗ್ರೂಪಿಗೆ ನಾನೇ ಒಂದು ಮೆಸೇಜ್ ಹಾಕ್ದೆ: "ಈ ಭಾನುವಾರ ಕ್ಲಾಸ್ ಇಲ್ಲ, ಮುಂದಿನ ವಾರ ಸಿಗೋಣ". ಆ ಗ್ರೂಪಲ್ಲಿ ಕ್ಲಾಸಿನ ಬಗ್ಗೆ ಕೊನೇ ಮೆಸೇಜ್ ಇವತ್ತಿಗೂ ಅದೇ. ಅದರ ಕೆಳಗೆ ಬರೀ "ಲೆಫ್ಟ್", "ಲೆಫ್ಟ್", ಮತ್ತೆ ಯಾರೋ ಕಳ್ಸಿದ ಯುಗಾದಿ ಶುಭಾಶಯ.

ಮತ್ತೆ ಶುರು ಮಾಡ್ಬೇಕು ಅಂತ ನನಗೇನೂ ಜ್ಞಾನೋದಯ ಆಗಿದ್ದಲ್ಲ. ಬೆಣ್ಣೆ ದೋಸೆ ಹೋಟ್ಲಲ್ಲಿ ಪಾರ್ಸಲ್‌ಗೆ ನಿಂತಿದ್ದೆ, ಪಕ್ಕದಲ್ಲಿ ಒಬ್ಳು ಹುಡುಗಿ "ಅಣ್ಣಾ, ಗುರ್ತು ಸಿಗ್ಲಿಲ್ವಾ" ಅಂದ್ಳು. ಎಂಟನೇ ಕ್ಲಾಸಲ್ಲಿದ್ದಾಗ ಬರ್ತಿದ್ಳು, ಈಗ ಬಿಸಿಎ ಎರಡನೇ ವರ್ಷ. "ಮುಂದಿನ ವಾರ ಅಂದಿದ್ರಲ್ಲ ಅಣ್ಣಾ, ಯಾವ್ದು ಆ ಮುಂದಿನ ವಾರ?" ಅಂತ ನಗ್ತಾ ಕೇಳಿದ್ಳು. ದೋಸೆ ಬಂತು, ಬೆಣ್ಣೆ ಕರಗ್ತಾ ಇತ್ತು, ನನ್ ಹತ್ರ ಉತ್ತರ ಇರ್ಲಿಲ್ಲ.

ಸರಿ, ಕೀ ವಿಷ್ಯಕ್ಕೆ ಬರೋಣ. ಕಟ್ಟಡ ನೋಡ್ಕೊಳ್ಳೋ ಅಜ್ಜ ಇನ್ನೂ ಅಲ್ಲೇ ಇದಾರೆ. ನನ್ನ ನೋಡಿ "ಏನಪ್ಪಾ, ಆರು ವರ್ಷ ಆತಲ್ಲ, ಊರು ಬಿಟ್ಟು ಹೋಗೀಯೇನೋ ಅನ್ಕಂಡಿದ್ದೆ" ಅಂದ್ರು. ಕೀ ಎಲ್ಲೈತಜ್ಜಾ ಅಂದ್ರೆ "ನನ್ನ ಹತ್ರ ಎಲ್ಲಿಂದ ಬರ್ಬೇಕು, ನೀನೇ ಇಟ್ಕಂಡಿದ್ದಲ್ಲ" ಅಂದ್ರು. ನಾನು ಇಲ್ಲ, ಅವ್ರು ಹೌದು, ಹಿಂಗೇ ಅರ್ಧ ಗಂಟೆ. ಕೊನೆಗೆ ಹ್ಯಾಕ್ಸಾ ಬ್ಲೇಡ್ ತಂದು ಬೀಗ ಕೊಯ್ದ್ವಿ. ಎರಡು ದಿನ ಆದ್ಮೇಲೆ ಅಮ್ಮ ಹಳೇ ಹಾರ್ಲಿಕ್ಸ್ ಬಾಟ್ಲಿಯಿಂದ ಒಂದು ಕೀ ತೆಗೆದು "ಇದ್ಯಾವ್ದೋ ನಿಂದೇ ನೋಡು" ಅಂದ್ರು. ಅದಕ್ಕೆ ನನ್ನ ಕೈಬರಹದಲ್ಲೇ "ಲ್ಯಾಬ್" ಅಂತ ಚೀಟಿ ಬೇರೆ ಅಂಟಿಸಿತ್ತು. ಇದೊಂದು ಕೀ ಆಗಿದ್ರೆ ಪರ್ವಾಗಿರ್ಲಿಲ್ಲ, ಮುಂದಿನ ಎರಡು ತಿಂಗ್ಳು ಏನೇನು ಸಿಗ್ಲಿಲ್ವೋ ಅದೆಲ್ಲಾ ಹಿಂಗೇ, ಕೊನೆಗೆ ನನ್ನ ಹತ್ರನೇ ಬಂದು ನಿಲ್ತಿತ್ತು.

ಹಾರ್ಡ್‌ವೇರ್

ಬಾಗ್ಲು ತೆಗೆದ್ರೆ ಪಾರಿವಾಳದ ಗೂಡು, ಒಂದು ಕಿಟಕಿ ಗಾಜು ಇಲ್ಲ, ಕೀಬೋರ್ಡ್ ಮೇಲೆ ಕೂತಿದ್ದ ಧೂಳಲ್ಲಿ ಬೆರಳಿಂದ ಹೆಸ್ರು ಬರೀಬೋದಿತ್ತು. 10 ಸಿಪಿಯು, 8 ಮಾನಿಟರ್, ಮೌಸ್ ಐದೇ. ನಾಲ್ಕು ವೈರ್ ಇಲಿ ಕಡಿದಿತ್ತು. ಎಲ್ಲಾ ಕೋರ್ 2 ಡ್ಯುಯೊ ಅನ್ನೋ ಹಳೇ ಪ್ರೊಸೆಸರಿನ ಮಿಷನ್ನು, 2 ಜಿಬಿ ಡಿಡಿಆರ್2 ರ‍್ಯಾಮ್, ವಿಂಡೋಸ್ 7.

ಧೂಳು ಹೊಡ್ಯೋಕೆ ಪರಿಚಯದ ಬೈಕ್ ಸರ್ವಿಸ್ ಅಂಗ್ಡಿಯ ಕಂಪ್ರೆಸರ್ ಗಾಳಿ. ಯಾರಾದ್ರೂ ಇದನ್ನ ಮಾಡೋದಾದ್ರೆ ಎರಡು ಮಾತು: ಪೈಪಲ್ಲಿ ನೀರು ನಿಂತಿರುತ್ತೆ, ಮೊದ್ಲು ಒಂದು ನಿಮಿಷ ಗಾಳಿ ಹೊರಗೆ ಬಿಟ್ಟು ಒಣ ಗಾಳಿ ಬರ್ತಿದೆಯಾ ನೋಡ್ಕೊಳಿ, ಮತ್ತೆ ಫ್ಯಾನ್ ರೆಕ್ಕೆನ ಬೆರಳಲ್ಲಿ ಹಿಡ್ಕೊಳಿ, ಇಲ್ಲಾಂದ್ರೆ ಗಾಳಿ ರಭಸಕ್ಕೆ ಅದು ತನ್ನ ಮಿತಿ ಮೀರಿ ತಿರುಗಿ ಬೇರಿಂಗ್ ಹೋಗುತ್ತೆ. ಎರಡನೇದು ನನಗೆ ಒಂದು ಫ್ಯಾನ್ ಕಳ್ಕೊಂಡ್ಮೇಲೆ ಗೊತ್ತಾಗಿದ್ದು. ಮೂರನೇ ನಂಬರ್ ಮಿಷನ್ನಿನ ಪವರ್ ಸಪ್ಲೈ ಒಳಗೆ ಒಣಗಿ ಕಡ್ಡಿ ಆಗಿದ್ದ ಹಲ್ಲಿ ಇತ್ತು. ಅದನ್ನ ರಿಪೇರಿ ಮಾಡೋ ಆಸೆನೇ ಬಿಟ್ಟೆ.

ಆನ್ ಮಾಡಿದ್ರೆ 10ರಲ್ಲಿ 6 ಬರೀ ಉದ್ದುದ್ದಕ್ಕೆ ಬೀಪ್ ಬೀಪ್ ಅಂತ ಕೂಗಿದ್ವು, ಸ್ಕ್ರೀನ್ ಕಪ್ಪು. ಬೀಪ್ ಬಂದ್ರೆ ಹೆದ್ರಬೇಡಿ, ಬೋರ್ಡ್ ಇನ್ನೂ ಜೀವಂತ ಇದೆ ಅಂತ ಅರ್ಥ, ಏನೂ ಶಬ್ದ ಇಲ್ಲ ಅಂದ್ರೇನೇ ಕಷ್ಟ. ರ‍್ಯಾಮ್ ಕಿತ್ತು ಅದರ ಬಂಗಾರದ ಬಣ್ಣದ ಕಾಲುಗಳನ್ನ ಸ್ಕೂಲ್ ಮಕ್ಕಳ ಬಿಳಿ ರಬ್ಬರಲ್ಲಿ ಮೆತ್ತಗೆ ಉಜ್ಜಿ, ಪುಡಿ ಊದಿ, ಟಕ್ ಅಂತ ಎರಡೂ ಕಡೆ ಕ್ಲಿಪ್ ಕೂರೋ ಹಂಗೆ ಒತ್ತಿ ಹಾಕಿದೆ. 6ರಲ್ಲಿ 4 ಸರಿ ಹೋದ್ವು. ಐದು ರೂಪಾಯಿ ರಬ್ಬರು.

ಇನ್ನೊಂದು ತಲೆನೋವು ಕೊಟ್ಟಿದ್ದು ಬೋರ್ಡ್ ಮೇಲಿನ ನಾಣ್ಯದಂತ ಬ್ಯಾಟ್ರಿ, ಸಿಆರ್2032. ಅದು ಸತ್ತಿದ್ರೆ ಕರೆಂಟ್ ತೆಗೆದ ತಕ್ಷಣ ಗಡಿಯಾರ ಮರ್ತೋಗುತ್ತೆ, ಆನ್ ಮಾಡಿದಾಗ ತಾರೀಕು 2009ರ ಜನವರಿ 1. ನನಗೆ ಇದು ಹೊಳೀಲೇ ಇಲ್ಲ. ಬ್ರೌಸರ್ ಯಾವ ಸೈಟ್ ತೆಗೆದ್ರೂ ಕನೆಕ್ಷನ್ ಸುರಕ್ಷಿತ ಅಲ್ಲ ಅಂತಿತ್ತು, ಸಾಫ್ಟ್‌ವೇರ್ ಅಪ್‌ಡೇಟ್ ಕೊಟ್ರೆ ಫೈಲ್ "ಇನ್ನೂ ಜಾರಿಗೆ ಬಂದಿಲ್ಲ" ಅನ್ನೋ ಎರರ್. ನಾನು ಮೊಬೈಲ್ ಹಾಟ್‌ಸ್ಪಾಟ್ ಬೈದೆ, ರೌಟರ್ ಬೈದೆ, ಕೇಬಲ್ ಬದಲಾಯಿಸಿದೆ, ಒಂದು ಭಾನುವಾರನೇ ಹೋಯ್ತು. ಬಿಸಿಎ ಹುಡುಗಿ ಬಂದು ಸ್ಕ್ರೀನ್ ಮೂಲೆ ನೋಡಿ "ಅಣ್ಣಾ, ಈ ಮಿಷನ್ನಲ್ಲಿ ನಾನಿನ್ನೂ ಅಂಗನವಾಡಿಲಿದೀನಿ" ಅಂದ್ಳು. ಅಷ್ಟೇ. ಸೈಟುಗಳ ಸರ್ಟಿಫಿಕೇಟಿಗೆ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅವಧಿ ಇರುತ್ತೆ, 2009ರಲ್ಲಿ ಕೂತಿರೋ ಮಿಷನ್ನಿಗೆ ಅವೆಲ್ಲ ಇನ್ನೂ ಹುಟ್ಟೇ ಇಲ್ಲ. ಹತ್ತು ಬ್ಯಾಟ್ರಿ ಒಟ್ಟಿಗೆ ತಂದು ಹಾಕಿದ್ವಿ.

ಕೊನೆಗೆ ನಿಂತಿದ್ದು 7. ಸತ್ತ ಮೂರರ ರ‍್ಯಾಮ್ ಕಿತ್ತು ಬದುಕಿರೋದಕ್ಕೆ ಹಾಕಿದ್ವಿ, ಸಾಲದ್ದಕ್ಕೆ ಸೆಕೆಂಡ್ ಹ್ಯಾಂಡ್ ಹುಡುಕಿ ಎಲ್ಲದಕ್ಕೂ 4 ಜಿಬಿ ಮಾಡಿದ್ವಿ. ಹಾರ್ಡ್ ಡಿಸ್ಕ್ ತೆಗೆದು ಚಿಕ್ಕ ಎಸ್‌ಎಸ್‌ಡಿ (ತಿರುಗೋ ತಟ್ಟೆ ಇಲ್ಲದ ವೇಗದ ಡಿಸ್ಕ್) ಹಾಕಿದ್ದೇ ದೊಡ್ಡ ಖರ್ಚು, ಆದ್ರೆ ಹಳೇ ಮಿಷನ್ನಿಗೆ ಒಂದೇ ಒಂದು ಸಾಮಾನು ಹಾಕಿಸೋ ಯೋಗ ಇದ್ರೆ ಅದೇ ಹಾಕ್ಸಿ. ಬೇರೆ ಯಾವ್ದಕ್ಕೂ ಇಷ್ಟು ವ್ಯತ್ಯಾಸ ಕಾಣ್ಲಿಲ್ಲ.

ಏನು ಹಾಕೋದು

ಇಲ್ಲಿ ಜಾಸ್ತಿ ಯೋಚ್ನೆ ಮಾಡ್ಲಿಲ್ಲ. ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೇ ಸಪೋರ್ಟ್ ನಿಂತಿದೆ, ಅದರ ಮೇಲೆ ಓಡೋ ಕೊನೇ ಪೈಥಾನ್ 3.8. ವಿಂಡೋಸ್ 10ದೂ 2025ರ ಅಕ್ಟೋಬರ್ 14ಕ್ಕೆ ಮುಗೀತು, 11 ಈ ಮಿಷನ್ನಿನ ಹತ್ರ ಸುಳಿಯೋದೂ ಇಲ್ಲ. ಹಾಕಿದ್ದು ಉಚಿತ ಆಪರೇಟಿಂಗ್ ಸಿಸ್ಟಮ್ ಲಿನಕ್ಸ್ ಮಿಂಟ್ 22, ಹಗುರ ಇರ್ಲಿ ಅಂತ ಡೆಸ್ಕ್‌ಟಾಪಿಗೆ ಎಕ್ಸ್‌ಎಫ್‌ಸಿಇ. ಒಂದರಲ್ಲಿ ಎಲ್ಲಾ ಸರಿ ಮಾಡಿ ಮಿಕ್ಕ ಆರಕ್ಕೆ ಕ್ಲೋನ್ ಹೊಡೆದ್ವಿ. ಕೋಡ್ ಬರೆಯೋ ಎಡಿಟರಿಗೆ ಥಾನಿ, ಎಸ್ಟೋನಿಯಾ ದೇಶದ ತಾರ್ತು ಯೂನಿವರ್ಸಿಟಿಲಿ ಹೊಸಬ್ರಿಗೆ ಅಂತಲೇ ಮಾಡಿರೋದು, ಪ್ರೋಗ್ರಾಮ್ ಒಂದೊಂದೇ ಹೆಜ್ಜೆ ನಡ್ಯೋದನ್ನ ತೋರ್ಸುತ್ತೆ. ಕನ್ನಡ ಟೈಪಿಂಗಿಗೆ ಕಗಪ ಕೀಬೋರ್ಡ್ ಲಿನಕ್ಸಲ್ಲೇ ಬರುತ್ತೆ, ಕೆ.ಪಿ. ರಾವ್ ಅವ್ರ ವಿನ್ಯಾಸದಿಂದ ಬಂದಿದ್ದು, ನುಡಿ ಅನ್ನೋ ಕನ್ನಡ ಸಾಫ್ಟ್‌ವೇರಲ್ಲಿ ಟೈಪ್ ಮಾಡಿ ರೂಢಿ ಇರೋ ಮೇಷ್ಟ್ರಿಗೆ ಕೈ ಹಂಗೇ ಓಡ್ತು.

ನೋಟ್ಸು

ಇದು ನಾನು ಅಂದ್ಕೊಂಡಿದ್ದಕ್ಕಿಂತ ಹತ್ತು ಪಟ್ಟು ಕಷ್ಟ ಆಗಿದ್ದು.

ಹಳೇ ಪಾಠದ ನೋಟ್ಸ್ 40 ಪುಟ ಇತ್ತು, ಪೆನ್‌ಡ್ರೈವಲ್ಲಿ ಸಿಕ್ತು, ಖುಷಿಯಾಗಿ ತೆಗೆದ್ರೆ ಪುಟದ ತುಂಬಾ ಇಂಗ್ಲಿಷ್ ಅಕ್ಷರ, ತಲೆ ಮೇಲೆ ಗೆರೆ ಎಳ್ದಿರೋ ಎ, ಮಧ್ಯ ಮಧ್ಯ ಬ್ರಿಟನ್ನಿನ ಪೌಂಡ್ ಗುರ್ತು. ಹಳೇ ನುಡಿ ಫಾಂಟಲ್ಲಿ ಟೈಪ್ ಮಾಡಿದ್ದು. ಗೊತ್ತಿಲ್ಲದೋರಿಗೆ ಹೇಳ್ತೀನಿ, ಯೂನಿಕೋಡ್ ಬರೋಕೆ ಮುಂಚಿನ ಪದ್ಧತಿಲಿ ಕಂಪ್ಯೂಟರ್ ಒಳಗೆ ಕೂತಿರೋದು ಕನ್ನಡ ಅಲ್ವೇ ಅಲ್ಲ, ಇಂಗ್ಲಿಷ್ ಅಕ್ಷರದ ಸಂಖ್ಯೆಗಳು, ಫಾಂಟ್ ಅವಕ್ಕೆ ಕನ್ನಡದ ವೇಷ ಹಾಕಿ ತೋರ್ಸುತ್ತೆ ಅಷ್ಟೇ. ಪೌಂಡ್ ಗುರ್ತಿನ ವೇಷ "ನ". ಫಾಂಟ್ ಇಲ್ದಿರೋ ಮಿಷನ್ನಲ್ಲಿ ಬಣ್ಣ ಕಳಚಿ ಬೀಳುತ್ತೆ.

ಕನ್ವರ್ಟರ್ ಇದಾವಲ್ಲ, ಹಾಕಿದ್ರಾಯ್ತು ಅಂತ ಪೂರ್ತಿ ಫೈಲ್ ಹಾಕಿದೆ. ಕನ್ನಡ ಕನ್ನಡ ಆಯ್ತು. ಜೊತೆಗೆ ಪೈಥಾನ್ ಕೋಡೂ ಕನ್ನಡ ಆಯ್ತು! ಯಾಕಂದ್ರೆ ಪ್ರಿಂಟ್ ಅನ್ನೋ ಇಂಗ್ಲಿಷ್ ಪದ ಯಾವ್ದು, ವೇಷ ಹಾಕಿರೋ ಕನ್ನಡ ಯಾವ್ದು ಅಂತ ಕನ್ವರ್ಟರಿಗೆ ಹೆಂಗೆ ಗೊತ್ತಾಗ್ಬೇಕು, ಎರಡೂ ಒಂದೇ ಸಂಖ್ಯೆ. ನಮ್ಮ ಪ್ರೋಗ್ರಾಮೆಲ್ಲ ಅರ್ಥ ಇಲ್ಲದ ಒತ್ತಕ್ಷರದ ಮುದ್ದೆ ಆಗಿ ಬಿದ್ದಿತ್ತು.

ದಾರಿ ಸಿಕ್ಕಿದ್ದು ಫೈಲ್ ಒಳಗೇನೇ. ಲಿಬ್ರೆ ಆಫೀಸಲ್ಲಿ ತೆಗೆದು ಡಾಕ್ಸ್ (ವರ್ಡ್ ಫೈಲ್) ಮಾಡಿ ಸೇವ್ ಮಾಡಿದ್ರೆ, ಅದು ಬರಹನ ತುಂಡು ತುಂಡಾಗಿ ಇಟ್ಕೊಳುತ್ತೆ, ಪ್ರತಿ ತುಂಡಿನ ಜೊತೆ ಅದರ ಫಾಂಟ್ ಹೆಸ್ರು. ಒಂದು ಚಿಕ್ಕ ಪೈಥಾನ್ ಪ್ರೋಗ್ರಾಮ್ ಬರೆದು, ಫಾಂಟ್ ಹೆಸ್ರು ನುಡಿ ಅಂತ ಶುರು ಆದ್ರೆ ಮಾತ್ರ ಕನ್ವರ್ಟ್ ಮಾಡು, ಇಲ್ಲಾಂದ್ರೆ ಮುಟ್ಬೇಡ ಅಂತ ಹೇಳಿದ್ವಿ. ಮುಕ್ಕಾಲು ಭಾಗ ಒಂದೇ ಏಟಿಗೆ ಸರಿ ಹೋಯ್ತು. ಕೆಲವು ತುಂಡಿಗೆ ಫಾಂಟ್ ಹೆಸ್ರೇ ಇರ್ಲಿಲ್ಲ, ಸ್ಟೈಲಿಂದ ಬಂದಿರುತ್ತೆ, ಅವನ್ನ ಕೈಯಲ್ಲಿ. ಆಮೇಲೆ ಅರ್ಕಾವೊತ್ತಿನ ಕಾಟ: ಹಳೇ ಫಾಂಟಲ್ಲಿ ಅದನ್ನ ಅಕ್ಷರ ಆದ್ಮೇಲೆ ಇಟ್ಟಿರುತ್ತೆ, ಬರೆಯೋವಾಗ ಕೈ ಹೋಗೋ ಥರ, ಉಚ್ಚಾರಣೆ ಥರ ಅಲ್ಲ. ತಿರುಗಿಸಿ ಜೋಡಿಸ್ದಿದ್ರೆ ವರ್ಷ ಹೋಗಿ "ವಷರ್" ಆಗುತ್ತೆ, ಅರ್ಥ ಹೋಗಿ "ಅಥರ್". ಮೇಷ್ಟ್ರು ಕೆಂಪು ಪೆನ್ ಹಿಡ್ಕೊಂಡು 40 ಪುಟ ಓದಿದ್ರು, ಅವ್ರಿಗಂತೂ ಹಬ್ಬ.

ಅದಾದ್ಮೇಲೆ ಕೋಡ್ ಓಡಿಸಿ ನೋಡಿದ್ರೆ ಅರ್ಧಕ್ಕರ್ಧ ಓಡಲ್ಲ. ಮೊದಲ ಕೆಲವು ಪಾಠ ನಾವು ಬರೆದಿದ್ದು ಪೈಥಾನ್ 2ರ ಕಾಲದಲ್ಲಿ, ಪ್ರಿಂಟ್ ಮುಂದೆ ಬ್ರಾಕೆಟ್ ಇಲ್ಲ. ಆ ಆವೃತ್ತಿಗೆ 2020ರ ಜನವರಿ 1ಕ್ಕೇ ಎಳ್ಳುನೀರು ಬಿಟ್ಟಾಯ್ತು. ಇದನ್ನ ನಾನು ತಿದ್ದೋಕೆ ಕೂತೆ, ಆಮೇಲೆ ಬೇಡ ಅನ್ನಿಸ್ತು, ಎರಡು ಪ್ರೋಗ್ರಾಮ್ ಹಂಗೇ ಬಿಟ್ಟು "ಇದು ಯಾಕೆ ಓಡ್ತಿಲ್ಲ, ಎರರ್ ಓದಿ ಹೇಳಿ" ಅನ್ನೋ ಅಭ್ಯಾಸ ಮಾಡಿದ್ವಿ, ಹೊಸ ಪೈಥಾನ್ ಬ್ರಾಕೆಟ್ ಮರ್ತಿದೀರಾ ಅಂತ ತಾನೇ ಹೇಳುತ್ತೆ. ಹೊಸಬ್ರು ಎರರ್ ಬಂದ ತಕ್ಷಣ ಕಣ್ಣು ಮುಚ್ಕೋತಾರೆ, ಅದು ಬೈಗುಳ ಅಲ್ಲ ವಿಳಾಸ ಅಂತ ಗೊತ್ತಾದ್ರೆ ಅರ್ಧ ಪಾಠ ಮುಗೀತು.

ಅಕೌಂಟುಗಳು

ಈ ಭಾಗ ಬರೆಯೋಕೆ ನಾಚ್ಕೆ ಆಗುತ್ತೆ. ಡೊಮೈನ್, ಅಂದ್ರೆ ನಮ್ಮ ವೆಬ್‌ಸೈಟಿನ ವಿಳಾಸ, ಹೋಗಿತ್ತು. ರಿನ್ಯೂ ಮಾಡಿ ಅಂತ ಬಂದ ಮೇಲುಗಳೆಲ್ಲ ಪ್ರಾಜೆಕ್ಟಿನ ಅಂತ ಮಾಡಿದ್ದ ಬೇರೆ ಮೇಲಿಗೆ ಹೋಗಿದಾವೆ, ಅದರ ಪಾಸ್‌ವರ್ಡ್ ನನಗೆ ಮಾತ್ರ ಗೊತ್ತಿತ್ತು, ಅದು ಮರ್ತೋಗಿತ್ತು, ವಾಪಸ್ ತಗೋಳೋಣ ಅಂದ್ರೆ ಓಟಿಪಿ ಹೋಗೋದು ನಾನು ರೀಚಾರ್ಜ್ ಮಾಡಿಸ್ದೆ ಬಿಟ್ಟ ಹಳೇ ಸಿಮ್ಮಿಗೆ. ಆ ನಂಬರಿಗೆ ಫೋನ್ ಮಾಡಿದ್ರೆ ಈಗ ಬೇರೆ ಯಾರೋ ಅಡಿಕೆ ವ್ಯಾಪಾರದೋರು ಎತ್ತಿದ್ರು, ಪಾಪ ಒಳ್ಳೇ ಮನುಷ್ಯ, "ನಿಮ್ಗೆ ಬರೋ ಮೆಸೇಜ್ ನನ್ಗೂ ಸಾಕಾಗೈತ್ರಿ" ಅಂದ್ರು. ಅವ್ರ ಹತ್ರ ಓಟಿಪಿ ಕೇಳೋದು ಸರಿ ಕಾಣ್ಲಿಲ್ಲ, ಹಂಗೇ ಕೇಳೋರು ಎಂಥೋರು ಅಂತ ಎಲ್ರಿಗೂ ಗೊತ್ತು. ಮೇಲೂ ಡೊಮೈನೂ ಕೈ ಬಿಟ್ವಿ.

ಗಿಟ್‌ಹಬ್ (ಕೋಡ್ ಇಡೋ ಸೈಟಿನ ಅಕೌಂಟ್) ಉಳೀತು, ಅದು ಪುಣೆಲಿರೋ ಗೆಳೆಯನ ಹೆಸ್ರಲ್ಲಿತ್ತು. ನಾನು ಹಳೇ ಅಭ್ಯಾಸದಲ್ಲಿ ಪಾಸ್‌ವರ್ಡ್ ಹಾಕಿ ಕೋಡ್ ಪುಶ್ ಮಾಡಿದ್ರೆ, ಅಂದ್ರೆ ಅಲ್ಲಿಗೆ ಕಳ್ಸಿದ್ರೆ, ಒಪ್ಪಲ್ಲ, 2021ರ ಆಗಸ್ಟ್ 13ರಿಂದ ಆ ದಾರಿನೇ ಮುಚ್ಚಿದಾರೆ, ಟೋಕನ್ ಇಲ್ಲಾ ಎಸ್‌ಎಸ್‌ಎಚ್ ಕೀ ಅನ್ನೋ ಬೇರೆ ಥರದ ಗುರ್ತು ಬೇಕು. ಆರು ವರ್ಷ ಒಂದು ಕೆಲ್ಸದಿಂದ ದೂರ ಇದ್ರೆ ಹಿಂಗೇ, ಮನೆ ಅದೇ, ಬಾಗ್ಲು ಬೇರೆ ಕಡೆ ಇಟ್ಟಿರ್ತಾರೆ. ಈಗ ಮೂರು ಜನಕ್ಕೆ ಅಡ್ಮಿನ್ ಕೊಟ್ಟಿದೀವಿ, ಅದ್ರಲ್ಲಿ ಒಬ್ಳು ಬಿಸಿಎ ಹುಡುಗಿ.

ಅವಳೇ ಒಂದು ದಿನ ಕೇಳಿದ್ದು. "ಅಣ್ಣಾ, ಲಾಕ್‌ಡೌನ್ ಮುಗಿದು ಎಲ್ಲಾ ಟ್ಯೂಶನ್ನೂ ಶುರು ಆದ್ವಲ್ಲ, ನಮ್ಮದ್ಯಾಕೆ ಆಗ್ಲಿಲ್ಲ?" ನಾನು ಕೆಲ್ಸ, ಮನೆ, ಅಪ್ಪನ ಹುಷಾರು ಅಂತೆಲ್ಲ ಹೇಳಿದೆ. ಎಲ್ಲಾ ನಿಜಾನೇ. "ಅದಲ್ಲ, ನೀವು ಬರ್ಲಿಲ್ಲ ಸರಿ, ನಾವ್ಯಾಕೆ ಮಾಡ್ಲಿಲ್ಲ ಅಂತ ಕೇಳಿದ್ದು" ಅಂದ್ಳು. ಕೀ ನನ್ನ ಹತ್ರ, ಪಾಸ್‌ವರ್ಡ್ ನನ್ನ ಹತ್ರ, ಯಾವ ಮಿಷನ್ನಿಗೆ ಯಾವ ವೈರ್ ಅನ್ನೋದು ನನ್ನ ತಲೇಲಿ, ಅಜ್ಜಂಗೆ ಯಾರ ಹೆಸ್ರು ಹೇಳ್ಬೇಕು ಅನ್ನೋದೂ ನನಗೇ ಗೊತ್ತು. ಅವ್ರು ಹೆಂಗೆ ಮಾಡ್ತಾರೆ. ಇನ್ನೂರು ಪೇಜಿನ ಒಂದು ನೋಟ್‌ಬುಕ್ ತಂದು ಅವತ್ತಿಂದ ಎಲ್ಲಾ ಅದ್ರಲ್ಲಿ ಬರೆಯೋಕೆ ಶುರು ಮಾಡಿದೆ: ಕೀ ಎಲ್ಲಿ ನೇತಾಕಿರುತ್ತೆ, ಮೇನ್ ಸ್ವಿಚ್ ಯಾವ್ದು, ಯುಪಿಎಸ್ ಎಷ್ಟು ನಿಮಿಷ ತಡ್ಯುತ್ತೆ, ಮಂಡಕ್ಕಿ ಯಾವ ಅಂಗ್ಡಿಲಿ ಹೇಳೋದು. ಪಾಸ್‌ವರ್ಡ್ ಮಾತ್ರ ಬೇರೆ ಕವರಲ್ಲಿ.

ಮೊದಲ ಕ್ಲಾಸು

ತಾರೀಕು ಇಟ್ಟೆ, ಪೋಸ್ಟರ್ ಮಾಡಿದೆ, ಅಜ್ಜ ನೋಡಿ ನಕ್ಕುಬಿಟ್ರು. "ದುಗ್ಗಮ್ಮನ ಜಾತ್ರೆ ವಾರ ಯಾವನು ಬರ್ತಾನಪ್ಪಾ ನಿನ್ನ ಕಂಪ್ಯೂಟರಿಗೆ?" ಎರಡು ವರ್ಷಕ್ಕೊಮ್ಮೆ ಬರೋ ಜಾತ್ರೆ, ಮನೆ ಮನೆಗೂ ನೆಂಟರು, ದಾವಣಗೆರೆಲಿ ಹುಟ್ಟಿ ಬೆಳೆದು ಇದನ್ನ ಮರೆತೋನು ನಾನೊಬ್ಬನೇ ಇರ್ಬೇಕು. ಎರಡು ವಾರ ಮುಂದಕ್ಕೆ ಹಾಕಿದ್ವಿ.

14 ಜನ ಬಂದ್ರು, 7 ಮಿಷನ್ನು, ಒಂದಕ್ಕೆ ಇಬ್ರು. ಇದೇ ಒಳ್ಳೇದು ಅಂತ ನನ್ನ ಅಭಿಪ್ರಾಯ, ಒಬ್ಬ ಟೈಪ್ ಮಾಡ್ತಾನೆ ಇನ್ನೊಬ್ಬ ತಪ್ಪು ಹುಡುಕ್ತಾನೆ, ಹತ್ತು ನಿಮಿಷಕ್ಕೆ ಜಾಗ ಅದಲು ಬದಲು. ಗೊತ್ತಾಗ್ಲಿಲ್ಲ ಅಂತ ನಮ್ಮ ಮಕ್ಕಳು ಕೈ ಎತ್ತಲ್ಲ, ಅದಕ್ಕೆ ಸಾಫ್ಟ್‌ವೇರ್ ಕಾರ್ಪೆಂಟ್ರಿ ಅನ್ನೋ ಕೋಡಿಂಗ್ ಕಲಿಸೋ ಸಂಸ್ಥೆಯೋರು ಮಾಡೋ ಹಂಗೆ ಎರಡು ಬಣ್ಣದ ಅಂಟು ಚೀಟಿ ಕೊಟ್ವಿ, ಸಿಕ್ಕಾಕೊಂಡ್ರೆ ಕೆಂಪು ಚೀಟಿ ಮಾನಿಟರ್ ಮೇಲೆ. ಅರ್ಧ ಗಂಟೆಲಿ ಒಂದು ಹುಡುಗನ ಹಣೆ ಮೇಲೂ ಕೆಂಪು ಚೀಟಿ ಇತ್ತು.

ಒಬ್ಬ ಹತ್ತನೇ ಕ್ಲಾಸ್ ಹುಡುಗ, ಅವ್ರ ಮನೇಲಿ ಮೆಕ್ಕೆಜೋಳ ಬೆಳೀತಾರೆ, ಚೀಲದ ಲೆಕ್ಕದ ಪ್ರೋಗ್ರಾಮ್ ಬರೆದ. ಎಷ್ಟು ಚೀಲ ಅಂತ ಕೇಳೋದು, ಒಂದು ಚೀಲಕ್ಕೆ 50 ಕೆಜಿ, ಗುಣಿಸಿ ತೋರ್ಸೋದು. ವೇರಿಯಬಲ್, ಅಂದ್ರೆ ಬೆಲೆ ಇಟ್ಕೊಳ್ಳೋ ಡಬ್ಬಿ, ಅದರ ಹೆಸ್ರು ಕನ್ನಡದಲ್ಲೇ "ಚೀಲ" ಅಂತ ಇಟ್ಟ, ಪೈಥಾನ್ 3 ಅದನ್ನ ಒಪ್ಪುತ್ತೆ. 12 ಅಂತ ಕೊಟ್ಟ. 600 ಬರ್ಬೇಕಲ್ಲ. ಬಂದಿದ್ದು 121212121212 ಅಂತ ಸ್ಕ್ರೀನಿನ ಈ ಕಡೆಯಿಂದ ಆ ಕಡೆ ತನಕ, ಒಟ್ಟು ನೂರು ಅಂಕಿ. ಒಂದು ನಿಮಿಷ ನೋಡಿ "ಅಣ್ಣಾ, ಇಷ್ಟು ಜೋಳ ದಾವಣಗೆರೆ ಎಪಿಎಂಸಿಲೇ ಇಲ್ಲ" ಅಂದ. ಇನ್‌ಪುಟ್ ಅನ್ನೋದು ಟೈಪ್ ಮಾಡಿದ್ದನ್ನ ಓದಿ ಕೊಡೋದು ಯಾವಾಗ್ಲೂ ಬರಹ, ಸಂಖ್ಯೆ ಅಲ್ಲ, ಬರಹನ 50ರಿಂದ ಗುಣಿಸಿದ್ರೆ ಪೈಥಾನ್ ಅದನ್ನೇ 50 ಸಲ ಬರೆಯುತ್ತೆ. ಹೇಳಬೋದಿತ್ತು, ಹೇಳ್ಲಿಲ್ಲ, 3 ಚೀಲ ಕೊಟ್ಟು ನೋಡು, "ಅಮ್ಮ" ಅಂತ ಕೊಟ್ಟು ನೋಡು ಅಂದೆ. ಐವತ್ತು ಸಲ ಅಮ್ಮ ಅಮ್ಮ ಅಂದ್ಮೇಲೆ ಅವನಿಗೇ ಹೊಳೀತು. ಬರಹನ ಸಂಖ್ಯೆ ಮಾಡೋ ಇಂಟ್ ಅನ್ನೋದರ ಒಳಗೆ ಹಾಕ್ದ, 600 ಬಂತು. ಪಕ್ಕದಲ್ಲಿದ್ದ ಮೇಷ್ಟ್ರು ತಡೀಲಾರದೆ ಕನ್ನಡ ಅಂಕಿಲಿ ೧೨ ಅಂತ ಟೈಪ್ ಮಾಡಿದ್ರು. ಅದಕ್ಕೂ 600! ಇಂಟ್‌ಗೆ ಕನ್ನಡ ಅಂಕಿನೂ ಓದೋಕೆ ಬರುತ್ತೆ, ಆದ್ರೆ ಪ್ರೋಗ್ರಾಮ್ ಒಳಗೇ ನೇರವಾಗಿ ೧೨ ಅಂತ ಬರೆದ್ರೆ ಒಪ್ಪಲ್ಲ. ಮೇಷ್ಟ್ರು ಅವತ್ತು ಊಟದ ಹೊತ್ತಾದ್ರೂ ಏಳ್ಲಿಲ್ಲ.

ಇನ್ನೊಂದು ಅಡ್ಡಿ, ನನಗೆ ಮೊದ್ಲೇ ಗೊತ್ತಿರ್ಬೇಕಿತ್ತು. ಥಾನಿ ನಿಂತಿರೋದು ಸ್ಕ್ರೀನ್ ಮೇಲೆ ಕಿಟಕಿ, ಬಟನ್ ತೋರ್ಸೋ ಟಿಕೆ ಅನ್ನೋ ಹಳೇ ಕಿಟ್ ಮೇಲೆ, ಲಿನಕ್ಸಲ್ಲಿ ಅದು ಒತ್ತಕ್ಷರ ಕೂಡಿಸಲ್ಲ. "ಕನ್ನಡ" ಅಂತ ಬರೆದ್ರೆ ಮಧ್ಯದ ನ, ಅದರ ಅರ್ಧ ಮಾಡೋ ಚಿಹ್ನೆ, ಇನ್ನೊಂದು ನ, ಎಲ್ಲಾ ಬಿಡಿಬಿಡಿಯಾಗಿ ಸಾಲಾಗಿ ನಿಲ್ತಾವೆ. ಮಕ್ಕಳು ತಪ್ಪು ಟೈಪ್ ಮಾಡಿದೀವಿ ಅಂತ ಅಳಿಸಿ ಅಳಿಸಿ ಬರೀತಿದ್ರು. ನಾನು ಬೇರೆ ಎಡಿಟರ್ ಹಾಕೋಣ ಅಂತ ಏಳ್ತಿದ್ದೆ, ಅಷ್ಟರಲ್ಲಿ ಬಿಸಿಎ ಹುಡುಗಿ ಬೋರ್ಡ್ ಹತ್ರ ಹೋಗಿ "ಕನ್ನಡ ಅನ್ನೋದ್ರಲ್ಲಿ ಎಷ್ಟು ಅಕ್ಷರ?" ಅಂದ್ಳು. ಮೂರು ಅಂತ ಎಲ್ರೂ. "ಲೆನ್ ಹಾಕಿ ನೋಡ್ರಿ." ಲೆನ್ ಅಂದ್ರೆ ಉದ್ದ ಎಣಿಸೋದು. 5 ಬಂತು. ಗಲಾಟೆ. "ಈಗ ಸ್ಕ್ರೀನಲ್ಲಿ ಮುರಿದು ಕಾಣ್ತೈತಲ್ಲ, ಅದನ್ನ ಎಣಿಸ್ರಿ." ಕ, ನ, ಆ ಚಿಹ್ನೆ, ನ, ಡ. ಕಂಪ್ಯೂಟರ್ ಒಳಗೆ ಇರೋದು ಹಂಗೇನೇ, ಕೂಡಿಸಿ ತೋರ್ಸೋದು ಆಮೇಲಿನ ಕೆಲ್ಸ. ಕೆಟ್ಟಿರೋ ಸ್ಕ್ರೀನಲ್ಲೇ ಪಾಠ ನಡೀತು. ತಿರುಗಿಸಿ ಬರೆಯೋದು ಹೇಳ್ಕೊಟ್ಳು, "ಕನ್ನಡ" ತಿರುಗಿಸಿದ್ರೆ, ಕೂಡಿಸಿ ಓದ್ಕೊಂಡ್ರೆ ಸರಿಯಾಗೇ "ಡನ್ನಕ" ಆಗುತ್ತೆ, ಎರಡೂ ನ ಒಂದೇ ಆದ್ದರಿಂದ ಬಚಾವ್. "ದಾವಣಗೆರೆ" ತಿರುಗಿಸಿದ್ರೆ ಮುಂದೆ ಒಂದು ಎತ್ವ ಅಕ್ಷರ ಇಲ್ದೆ ಅನಾಥವಾಗಿ ನಿಂತು, ಆಮೇಲೆ "ರೆಗಣವಾದ" ಅಂತ ಬರುತ್ತೆ. ಮಧ್ಯಾಹ್ನ ಮಂಡಕ್ಕಿ ಮಿರ್ಚಿ ತಿನ್ನೋವಾಗ ಊರಿಗೆ ಅದೇ ಹೆಸ್ರು ಆಗೋಯ್ತು.

ಸಣ್ಣ ಪುಟ್ಟದ್ದು: ಒಬ್ಬ ತನ್ನ ಆಮೆ ಚಿತ್ರದ ಪ್ರೋಗ್ರಾಮಿಗೆ ಟರ್ಟಲ್ ಅಂತಲೇ ಫೈಲ್ ಹೆಸ್ರಿಟ್ಟ, ಪೈಥಾನ್ ತನ್ನ ಜೊತೆ ಬರೋ ಚಿತ್ರ ಬಿಡಿಸೋ ಟರ್ಟಲ್ ಬಿಟ್ಟು ಇವನ ಫೈಲನ್ನೇ ಎಳ್ಕೊಂಡು ಏನೂ ಸಿಗ್ಲಿಲ್ಲ ಅಂತು. ನಾನು ಮೊಬೈಲಲ್ಲಿ ಟೈಪ್ ಮಾಡಿ ತಂದಿದ್ದ "ಬಸ್‌ಚಾರ್ಜ್" ಅನ್ನೋ ವೇರಿಯಬಲ್ ಓಡ್ಲೇ ಇಲ್ಲ, ಸ್ ಮತ್ತು ಚಾ ಕೂಡ್ಕೊಳ್ದೆ ಇರ್ಲಿ ಅಂತ ಮಧ್ಯ ಒಂದು ಕಾಣದ ಅಕ್ಷರ ಇರುತ್ತೆ, ಯು+200ಸಿ ಅಂತ, ಹೆಸರೊಳಗೆ ಅದು ಬಂದ್ರೆ ಪೈಥಾನ್ ತಗೊಳ್ಳಲ್ಲ. ಕಣ್ಣಿಗೆ ಕಾಣದ್ದನ್ನ ಹುಡುಕೋಕೆ ಇಪ್ಪತ್ತು ನಿಮಿಷ. ಎರಡೂ ನೋಟ್‌ಬುಕ್ಕಿಗೆ ಹೋದ್ವು.

ಇದಾಗಿ ನಾಲ್ಕು ಭಾನುವಾರ ಆಯ್ತು. ಹೋದ ವಾರ ಹರಿಹರದಲ್ಲಿ ನೆಂಟರ ಮದುವೆ, ನಾನು ಹೋಗೋಕಾಗ್ಲಿಲ್ಲ. ಸೋಮವಾರ ಸಂಜೆ ಮಾನಿಟರ್ ಕೇಬಲ್ ಕೊಡೋಕೆ ಅಂತ ಹೋದೆ, ಕೀ ಅಜ್ಜನ ಕುರ್ಚಿ ಹಿಂದಿನ ಮೊಳೆಲೇ ಇತ್ತು. ನೋಟ್‌ಬುಕ್ ತೆಗೆದ್ರೆ ಹೊಸ ಪುಟ, ನನ್ನದಲ್ಲದ ಕೈಬರಹ:

"ಬಂದೋರು 11. ಫಾರ್ ಲೂಪ್ ಅರ್ಧ ಆಗಿದೆ, 7ರ ಮಗ್ಗಿ 9ಕ್ಕೇ ನಿಂತಿತು, ಯಾಕೆ ಅಂತ ಮುಂದಿನ ವಾರ. ಕರೆಂಟ್ 12.10ಕ್ಕೆ ಹೋಯ್ತು, ಯುಪಿಎಸ್ 6 ನಿಮಿಷ ಬಂತು, 10 ಅಂತ ಬರೆದಿರೋದು ಸುಳ್ಳು. ಮಿಷನ್ 5 ಮತ್ತೆ ಬೀಪ್ ಹೊಡೀತು, ರಬ್ಬರ್ ಹಾಕಿ ಉಜ್ಜಿದ್ವಿ, ಸರಿ ಆಯ್ತು. ರಬ್ಬರ್ ಖಾಲಿ. ಅಣ್ಣ ತರಬೇಕು."